ನಾನು ಬರೆದ ಎರಡು ಪಾಯಿಂಟ್ ಎಂಟು

ನಮ್ಮ ಕಡೆ ಚಳಿಯೆಂದರೆ ಎಳ್ಳಮಾಸಿಯ ಹಿಂದುಮುಂದಿನ ಹದಿನೈದಿಪ್ಪತ್ತು ದಿನ, ಅಷ್ಟೇ. ಉಳಿದಂತೆ ರಾಯಚೂರು ಸೀಮೆಯಲ್ಲಿ ಬೆಂಕಿಯ ಮುಂದೆ ಕೂಡುವ ಹಂಬಲ ಯಾರಿಗೂ ಬರುವುದಿಲ್ಲ. ಅಂಥದೊಂದು ಚಳಿರಾತ್ರಿ ಪೋತ್ನಾಳದ ನಮ್ಮ ಹೊಲದಲ್ಲಿ ನೆಲ್ಲಿನ ರಾಶಿ ಕಾಯುತ್ತ ಕೂತಿದ್ದೆವು. ಕೊಯ್ಯುವ ಮಶಿನ್ನು ಸಂಜೆಗೇ ಕೆಲಸ ಮುಗಿಸಿ ಹೋಗಿತ್ತು. ಚೀಲ ತುಂಬುವ ಹಮಾಲರು ಬೆಳಕು ಹರಿದ ಮೇಲೆ ಬರುವವರು. ತೊಗರಿ ಕಟ್ಟಿಗೆ ಒಟ್ಟಿ ಉರಿ ಹಚ್ಚಿದ್ದೆ. ಬುತ್ತಿ ತಂದ ಅಕ್ಕ ಮನೆಗೆ ಹೋಗದೆ ಅಲ್ಲೇ ಉಳಿದುಕೊಂಡಳು. ಹಟ ಹಿಡಿದು ಜೊತೆಗೆ ಬಂದಿದ್ದ ನನ್ನ ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಮಾತು ನಿಂತು ಕಟ್ಟಿಗೆ ಸಿಡಿಯುವ ಸದ್ದಷ್ಟೇ ಉಳಿದಾಗ ಆಕೆ ತಲೆಯನ್ನು ಮೆಲ್ಲಗೆ ಮೇಲೆ ಸರಿಸಿ, ಕಿವಿಯಿಟ್ಟು ಕೇಳಿದಳು:

"ಅತ್ತಿ, ನಿನ್ನ ಎದ್ಯಾಗ ಗಡಿಯಾರ ಯಾಕ ಐತಿ?"

ಅಕ್ಕ ನಕ್ಕಳು. "ನಿಮ್ಮಪ್ಪನ್ನ ಕೇಳು. ಅದರ ಲೆಕ್ಕಾ ಅಂವನಽ ಬರೀತಿದ್ದ."

ಕೇಳಿದವರಿಗೆ ಅದೊಂದು ಸಾದಾ ಮಾತು. ನನಗೆ ಮಾತ್ರ ಅದರ ತುದಿಯಲ್ಲೊಂದು ಮುಳ್ಳು. ಮಗಳಿಗೆ ಆ ರಾತ್ರಿ ಅರ್ಧ ಕಥೆ ಹೇಳಿದೆ. ಪೂರ್ತಿಯದು ಇದು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವಳಿಗೆ ಗಂಟಲು ನೋವು, ಜ್ವರ ಬಂದು ಹೋಯಿತು. ಅದಾಗಿ ಎರಡು ಮೂರು ವಾರಕ್ಕೆ ಮೊಣಕಾಲು ಬಾತಿತು. ಅದು ಇಳಿಯುವಷ್ಟರಲ್ಲಿ ಮೊಣಕೈ. ಅವ್ವ ಎಣ್ಣೆ ಕಾಸಿ ತಿಕ್ಕಿದಳು, ಬಾವು ಇಳಿಯಿತು, ಎಲ್ಲರೂ ಮರೆತೆವು. ಗಂಟಲಿನ ಆ ಸೋಂಕು ಕೀಲುಗಳನ್ನು ಬಿಟ್ಟುಹೋದರೂ ಹೃದಯದ ಬಾಗಿಲುಗಳಲ್ಲಿ ಗುರುತು ಉಳಿಸಿರುತ್ತದೆ, ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ ಎಂಬುದು ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತು? ರುಮ್ಯಾಟಿಕ್ ಅನ್ನುವ ಆ ಹೆಸರನ್ನು ನಾನು ಮೊದಲು ಕೇಳಿದ್ದು 2011ರಲ್ಲಿ. ಅಷ್ಟರಲ್ಲಿ ಅಕ್ಕ ನೆಲ್ಲು ನಾಟಿಗೆ ಹೋದರೆ ನಾಲ್ಕು ಸಾಲಿಗೊಮ್ಮೆ ಬದುವಿನ ಮೇಲೆ ಕೂಡತೊಡಗಿದ್ದಳು. "ಸೋಂಬೇರಿ ಆಗ್ಯಾಳ" ಅಂತ ಗುಂಪಿನ ಹೆಂಗಸರು ಆಡಿಕೊಂಡದ್ದೂ ಉಂಟು.

ಬಡವರ ದೊಡ್ಡ ಕಾಯಿಲೆಗಳಿಗೆಂದು ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ವಿಭಾಗಕ್ಕೇ, ಆಗಿನ್ನೂ ಗುಲಬರ್ಗಾ ಅನ್ನಿಸಿಕೊಳ್ಳುತ್ತಿದ್ದ ವಿಭಾಗಕ್ಕೆ. ರೇಷನ್ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ, ಹೃದಯ, ಕ್ಯಾನ್ಸರ್, ಕಿಡ್ನಿ ಅಂಥವಕ್ಕೆಲ್ಲ. ಊರೂರಿಗೆ ಶಿಬಿರ ನಡೆಸಿ ರೋಗಿಗಳನ್ನು ಹುಡುಕುತ್ತಿದ್ದರು. ಹಾಗೊಂದು ಶಿಬಿರದಲ್ಲಿ ಎಳೆಯ ಡಾಕ್ಟರೊಬ್ಬರು ಅಕ್ಕನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಪಕ್ಕದವರನ್ನೂ ಕರೆದು ಕೇಳಿಸಿದರು. ಅವ್ವನ ಮುಖ ಆಗಲೇ ಇಳಿದುಹೋಗಿತ್ತು.

ಬೆಂಗಳೂರಲ್ಲಿ ಆಪರೇಷನ್ ಆಯಿತು. ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು ತೆಗೆದು ಬೇರೆ ಹಾಕಬೇಕು, ಅದರಲ್ಲಿ ಎರಡು ನಮೂನೆ ಇವೆ ಎಂದು ಅಪ್ಪನನ್ನು ಕೂಡಿಸಿ ತಿಳಿಸಿ ಹೇಳಿದರು. ದನದ ಹೃದಯದ ಪೊರೆಯಿಂದ ಮಾಡಿದ್ದೊಂದು; ಅದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಎಳೆಯ ವಯಸ್ಸಿನವರಲ್ಲಿ ಇನ್ನೂ ಬೇಗ. ಇನ್ನೊಂದು ಗಟ್ಟಿ ವಸ್ತುವಿನದು. ಅದು ಸವೆಯುವುದಿಲ್ಲ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಬದುಕಿರುವಷ್ಟು ದಿನವೂ ಗುಳಿಗಿ ನುಂಗಬೇಕು. ವಾಲ್ವು ಅಂದರೆ ಅಪ್ಪನಿಗೆ ಗೊತ್ತಿದ್ದದ್ದು ಹಳ್ಳಕ್ಕೆ ಇಳಿಬಿಟ್ಟಿದ್ದ ಪಂಪ್‌ಸೆಟ್ಟಿನ ಫುಟ್‌ವಾಲ್ವು. "ಗಟ್ಟಿದ್ದಽ ಹಾಕ್ರಿ ಸಾಹೇಬ್ರ, ಮತ್ತ ಮತ್ತ ಎದಿ ಸೀಳಾದು ಬ್ಯಾಡ," ಅಂದ. ಗುಳಿಗಿಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. ಬಿದ್ದರೂ ಅಲ್ಲಿ ಒಂದು ಗುಳಿಗಿಯನ್ನು ಯಾರು ದೊಡ್ಡದು ಮಾಡುತ್ತಾರೆ?

ಆಪರೇಷನ್ನಿಗೆ ನಮ್ಮ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಇದನ್ನು ಒತ್ತಿ ಹೇಳಬೇಕು. ಆ ಯೋಜನೆ ಇಲ್ಲದಿದ್ದರೆ ಅಕ್ಕ ಆ ವರ್ಷವೇ ಹೋಗಿರುತ್ತಿದ್ದಳು. ಊರಿಗೆ ಬರುವಾಗ ಅವಳ ಜೊತೆ ಮೂರು ಬಂದವು. ಎದೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಗಾಯದ ಗೆರೆ. ಅಂಗೈಯಗಲದ ಒಂದು ಪುಸ್ತಕ. ಮತ್ತೆ ಆ ಸದ್ದು.

ಸದ್ದು ನಮಗೆ ಮೊದಲು ಕೇಳಿಸಿದ್ದು ಬ್ಯಾಸಗಿಯಲ್ಲಿ. ಮನೆಯೊಳಗೆ ಕಾವು ತಡೆಯಲಾರದೆ ಎಲ್ಲರೂ ಮಾಳಿಗೆಯ ಮೇಲೆ ಮಲಗಿದ್ದೆವು. ಸಿಂಧನೂರು ರೋಡಿನ ಲಾರಿಗಳ ಸದ್ದು ಅಡಗಿದ ಮೇಲೆ, ಎಲ್ಲೋ ಗೋಡೆಗಡಿಯಾರ ನಡೆದ ಹಾಗೆ, ಟಿಕ್, ಟಿಕ್. ನಮ್ಮ ಮನೆಯಲ್ಲಿ ಗೋಡೆಗಡಿಯಾರ ಇರಲಿಲ್ಲ. ಎದ್ದು ಕೂತೆ. ಅಕ್ಕ ಕತ್ತಲಲ್ಲೇ, "ಏನ ಹುಡುಕ್ತೀ? ನಾನಽ ಅದು" ಅಂದಳು. ವಾಲ್ವಿನ ಎರಡು ಪುಟ್ಟ ಕದಗಳು ಮುಚ್ಚುವ ಸದ್ದು. ಮೊದಮೊದಲು ಅವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲಾಮೇಲೆ ಅದಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಮಲಗುವ ಮುಂಚೆ ಒಂದು ಕ್ಷಣ ಕಿವಿಗೊಟ್ಟು, "ಹಾಂ, ನಡದೈತಿ" ಅಂತ ಹೊದಿಕೆ ಎಳೆದುಕೊಳ್ಳುವುದು ಅವಳ ರೂಢಿಯಾಯಿತು.

ಪುಸ್ತಕಕ್ಕೆ ಬರುತ್ತೇನೆ. ಒಳಗೆ ಮೂರು ಕಾಲಂ: ತಾರೀಖು, ಐಎನ್‌ಆರ್, ಗುಳಿಗಿ ಎಷ್ಟು. ಐಎನ್‌ಆರ್ ಅಂದರೆ ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂಬುದರ ಲೆಕ್ಕ. ಸಾದಾ ಮನುಷ್ಯರದು 1ರ ಆಸುಪಾಸು. ಅಕ್ಕನಂಥವರದು 2.5ರಿಂದ 3.5ರ ಒಳಗಿರಬೇಕು. ಕೆಳಗಿಳಿದರೆ ವಾಲ್ವಿನ ಮೇಲೆ ಹೆಪ್ಪು. ಮೇಲೇರಿದರೆ ಹಲ್ಲುಜ್ಜಿದರೂ ರಕ್ತ, ಕೆಟ್ಟ ನಸೀಬಿದ್ದರೆ ತಲೆಯೊಳಗೇ ರಕ್ತ. ಇದನ್ನು ತಿಂಗಳಿಗೊಮ್ಮೆ ನೋಡಿಸಬೇಕು. ನೀಲಿ ಮುಚ್ಚಳದ ಸೀಸೆಯಲ್ಲಿ ರಕ್ತ ಹಿಡಿಯುತ್ತಾರೆ. ಬಂದ ಸಂಖ್ಯೆ ನೋಡಿ ಡಾಕ್ಟರು ಗುಳಿಗಿಯನ್ನು ಕಾಲು ಏರಿಸುತ್ತಾರೆ, ಅರ್ಧ ಇಳಿಸುತ್ತಾರೆ. ಇದಲ್ಲದೆ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೆ ಬೆಂಗಳೂರಿಗೆ ಬಂದು ದೊಡ್ಡ ಡಾಕ್ಟರಿಗೆ ತೋರಿಸಿ ಎಕೋ ಮಾಡಿಸಬೇಕು. ಇನ್ನು ಹಳೆಯ ಸೋಂಕು ಮರುಕಳಿಸದಂತೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಈ ಸೂಜಿ ಒಂದೇ ಊರಲ್ಲಿ ಆಗುತ್ತಿದ್ದದ್ದು. ಚುಚ್ಚಿಸಿಕೊಂಡ ದಿನ ಅಕ್ಕ ಕುಂಟುತ್ತ ಬರುತ್ತಿದ್ದಳು.

ಬೆಂಗಳೂರಿಗೆ ಮೂರು ಸಲ ಹೋದೆವು. ಸಂಜೆ ಪೋತ್ನಾಳ ಕ್ರಾಸಿನಲ್ಲಿ ಬಸ್ಸು ಹತ್ತಿದರೆ ಸಿಂಧನೂರು, ಗಂಗಾವತಿ, ಹೊಸಪೇಟೆ, ಚಿತ್ರದುರ್ಗ. ಕಣ್ಣು ಬಿಟ್ಟಾಗ ಮೆಜೆಸ್ಟಿಕ್. ಕಟ್ಟಡ ಕೆಲಸಕ್ಕೆ ದುಡಿಯಲು ಹೋದ ನಮ್ಮ ಮಾವನ ತಗಡಿನ ಶೆಡ್ಡಿನಲ್ಲಿ ಮುಖ ತೊಳೆದು, ಗಂಟಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಆಸ್ಪತ್ರೆಯ ಪಾಳಿ. ಒಂದು ದಿನ ಚೀಟಿಗೆ, ರಕ್ತಕ್ಕೆ. ಮರುದಿನ ಎಕೋಗೆ, ಡಾಕ್ಟರಿಗೆ. ಆ ಡಾಕ್ಟರು ಒಳ್ಳೆಯವರು. ಕೆಲಸ ಐದು ನಿಮಿಷದ್ದು. "ಚೆನ್ನಾಗಿದೆ, ಇದೇ ಗುಳಿಗೆ ಮುಂದುವರಿಸಿ, ಆರು ತಿಂಗಳು ಬಿಟ್ಟು ಬನ್ನಿ." ಅಪ್ಪನಿಗೆ ಇದೇ ತಿಳಿಯುತ್ತಿರಲಿಲ್ಲ. ಚೆನ್ನಾಗಿದ್ದರೆ ಮತ್ತೆ ಯಾಕೆ ಬರಬೇಕು?

ಮೂರನೆಯ ಸಲ ಬಂದ ಮೇಲೆ ಗೊಬ್ಬರದಂಗಡಿಯ ಉದ್ರಿ ಬರೆಯುವ ವಹಿಯ ಹಿಂಬದಿಯಲ್ಲಿ ಅಪ್ಪ ನನ್ನಿಂದ ಲೆಕ್ಕ ಬರೆಸಿದ. ಇಬ್ಬರ ಬಸ್ ಚಾರ್ಜು ಹೋಗಿಬರಲು 1,600. ಎಕೋ, ರಕ್ತ, ಚೀಟಿ ಎಲ್ಲ ಸೇರಿ ಸಾವಿರದೈನೂರರ ಹತ್ತಿರ. ಗುಳಿಗಿ, ಸಿಟಿ ಬಸ್ಸು, ಚಹಾ. ಮೂರು ದಿನ ಇಬ್ಬರ ಕೂಲಿ ಹೋದದ್ದು. ಒಟ್ಟು ಸುಮಾರು 4,500. ಅವ್ವನಿಗೆ ಆಗ ನಾಟಿಯ ಕೂಲಿ ದಿನಕ್ಕೆ 150. "ತಿಂಗಳ ದುಡಿಮಿ ಆತಲ್ಲೋ," ಅಂದಳು ಅವ್ವ, ಐದು ನಿಮಿಷದ ಮಾತಿಗೆ. ಆ ಯೋಜನೆಯಲ್ಲಿ ಮರುಭೇಟಿಗೂ ಒಂದಿಷ್ಟು ಪ್ಯಾಕೇಜುಗಳಿದ್ದವೆಂದು ಎಷ್ಟೋ ವರ್ಷದ ಮೇಲೆ ನಾನು ಓದಿದೆ. ಆಗ ನಾವು ಕೇಳಲೇ ಇಲ್ಲ. ಆಪರೇಷನ್ ಪುಕ್ಕಟೆ ಮಾಡಿದವರ ಮುಂದೆ ನಿಂತು ಇನ್ನೂ ಏನಾದರೂ ಐತೇನ್ರಿ ಎಂದು ಕೇಳಲು ನಾಲಿಗೆ ಏಳಲಿಲ್ಲ.

2012ರಲ್ಲಿ ಮಳೆ ಕೈಕೊಟ್ಟಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಒಳ್ಳೆಯ ವರ್ಷದಲ್ಲೇ ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಸೊರಗಿರುತ್ತದೆ. ಕೊನೆ ಭಾಗದವರ ಹಣೆಬರಹ ಅದು. ಬೆಂಗಳೂರಿನ ಆರು ತಿಂಗಳು ಎಂಟಾಯಿತು, ವರ್ಷವಾಯಿತು. ಹೋಗಬಾರದೆಂದು ಯಾರೂ ಒಂದು ದಿನ ಕೂತು ತೀರ್ಮಾನಿಸಲಿಲ್ಲ. ರಾಶಿ ಮುಗೀಲಿ, ಹಬ್ಬ ಮುಗೀಲಿ, ಉದ್ರಿ ತೀರಲಿ ಅನ್ನುತ್ತ ಅನ್ನುತ್ತ ಹೋಗದೆ ಉಳಿದೆವು.

ತಿಂಗಳ ರಕ್ತ ಪರೀಕ್ಷೆ ಮಾತ್ರ ನಡೆದಿತ್ತು. ಅದಕ್ಕೆ ರಾಯಚೂರಿಗೆ ಹೋಗಬೇಕು, ಎರಡು ತಾಸಿನ ದಾರಿ. ನಾನು ಡಿಗ್ರಿ ಓದುತ್ತಿದ್ದೆ. ಅಕ್ಕನನ್ನು ಕರೆದೊಯ್ಯುವುದು, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು ಅವ್ವನಿಗೆ ತೋರಿಸುವುದು ನನ್ನ ಪಾಲಿನ ಕೆಲಸ. ಅವ್ವನಿಗೆ ಓದಲು ಬಾರದು. ಆದರೆ ಕಾಲಂ ತುಂಬಿದೆಯೋ ಖಾಲಿ ಇದೆಯೋ ಎಂಬುದು ಯಾರಿಗೂ ಗೊತ್ತಾಗುತ್ತದೆ.

2013ರ ಅಕ್ಟೋಬರ್ ಇರಬೇಕು. ಇಬ್ಬರೂ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದೆವು. ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ರೊಕ್ಕ ಎಣಿಸಿದಳು. ಬಸ್ಸು ಬಂತು, ನಿಂತಿತು. ಅವಳು ಹತ್ತಲಿಲ್ಲ.

"ಹೋದ ತಿಂಗಳ ಎಷ್ಟಿತ್ತು?"

"ಎರಡು ಪಾಯಿಂಟ್ ಎಂಟು."

"ಅದರ ಹಿಂದ?"

"ಎರಡು ಪಾಯಿಂಟ್ ಒಂಬತ್ತು."

"ಈ ಸಲಾನೂ ಅಷ್ಟಽ ಬರ್ತೈತಿ. ಬರದ್ಬಿಡು."

ನಾನು ಬೇಡವೆಂದೆ ಎಂದು ಬರೆಯಲು ಮನಸ್ಸಾಗುತ್ತದೆ. ನಿಜವಾಗಿ ನಾನು ಕೇಳಿದ್ದು, "ಅವ್ವ ಕೇಳಿದ್ರ?" ಅಷ್ಟೇ. ಬಸ್ಸು ಹೋಯಿತು. ಕ್ರಾಸಿನ ಹೋಟೆಲಿನ ಹಲಗೆಯ ಮೇಲೆ ಕೂತು, ಒಂದೊಂದು ಮಿರ್ಚಿ ತಿಂದು, ನೀಲಿ ಪೆನ್ನಿನಲ್ಲಿ 2.8 ಎಂದು ಬರೆದೆ. ಸಂಜೆಯವರೆಗೆ ಮನೆಗೆ ಹೋಗುವಂತಿರಲಿಲ್ಲ. ಹಳ್ಳದ ಕಡೆ ತಿರುಗಾಡಿ ಹೊತ್ತು ಕಳೆದೆವು. ಅಕ್ಕ ಆ ದಿನ ತುಂಬಾ ಖುಷಿಯಾಗಿದ್ದಳು, ಶಾಲೆ ತಪ್ಪಿಸಿದ ಹುಡುಗಿಯ ಹಾಗೆ. ಉಳಿದ ರೊಕ್ಕ ಅವಳು ಸಂಘದ ಉಳಿತಾಯಕ್ಕೆ ಕಟ್ಟಿದಳೆಂದು ಆಮೇಲೆ ಗೊತ್ತಾಯಿತು. ನಮ್ಮೂರಲ್ಲಿ ಆ ಹೊತ್ತಿಗೆ ಕೂಲಿ ಹೆಣ್ಣುಮಕ್ಕಳ ಸಂಘಗಳು ಗಟ್ಟಿಯಾಗಿದ್ದವು. ದಲಿತ ಹೆಂಗಸರೇ ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯವರು ಮಣ್ಣಿನ ಸರ, ಓಲೆ ಮಾಡಿ ಪೇಟೆಗೆ ಕಳಿಸುತ್ತಿದ್ದದ್ದನ್ನು ಅಕ್ಕ ಆಸೆಯಿಂದ ನೋಡುತ್ತಿದ್ದಳು. ಎದೆಯ ಗೆರೆ ನೋಡಿ ಹೋದ ಗಂಡಿನವರು ತಿರುಗಿ ಬರುವುದಿಲ್ಲ ಎಂದು ಅವಳಿಗೆ ಮನವರಿಕೆಯಾಗಿತ್ತು. ತನ್ನದೊಂದು ದುಡಿಮೆ ಬೇಕೆಂಬ ಲೆಕ್ಕ ಅವಳದು.

ನವೆಂಬರಿನಲ್ಲಿ 2.8. ಡಿಸೆಂಬರಿನಲ್ಲಿ ಅನುಮಾನ ಬಾರದಿರಲೆಂದು 2.9. ಇದನ್ನು ಮಾಡಿದ್ದು ಬಿ.ಎ. ಓದುತ್ತಿದ್ದವನು.

2014ರ ಜನವರಿ 1ನೇ ತಾರೀಖಿಗೇ ಎಳ್ಳಮಾಸಿ ಬಂದಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಬುಡದಲ್ಲಿ ಕೂತು ಉಣ್ಣುವ ಹಬ್ಬ. ಸಜ್ಜಿ ರೊಟ್ಟಿ, ಹತ್ತು ನಮೂನೆ ಪಲ್ಯ ಕೂಡಿಸಿದ ಭಜ್ಜಿ. ಆ ದಿನಗಳಲ್ಲಿ ಮನೆಮನೆಗೂ ಸೊಪ್ಪೇ ಸೊಪ್ಪು: ಪುಂಡಿಪಲ್ಯ, ಮೆಂತ್ಯೆ, ಕಡಲೆ ಗಿಡದ ಎಳೆ ಕುಡಿ. ಹಸಿರು ಸೊಪ್ಪಿನಲ್ಲಿರುವ ಕೆ ವಿಟಮಿನ್ನಿಗೂ ಅಕ್ಕನ ಗುಳಿಗಿಗೂ ಆಗಿಬರುವುದಿಲ್ಲ. ಸೊಪ್ಪು ಏಕಾಏಕಿ ಹೆಚ್ಚಾದರೆ ಗುಳಿಗಿಯ ಬಲ ಕುಗ್ಗುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ ಇದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಸೊಪ್ಪು ತಿನ್ನಲೇಬಾರದು ಎಂದೇನಿಲ್ಲ. ತಿನ್ನುವುದನ್ನು ಒಂದೇ ಅಳತೆಯಲ್ಲಿ ತಿನ್ನಬೇಕು, ಪರೀಕ್ಷೆ ತಪ್ಪಿಸಬಾರದು. ನಾವು ಎರಡನ್ನೂ ಮಾಡಲಿಲ್ಲ.

ಹಬ್ಬವಾಗಿ ಎಂಟು ಹತ್ತು ದಿನಕ್ಕೆ ಅಕ್ಕನಿಗೆ ಉಬ್ಬಸ. ಚಳಿಗೆ ಇರಬೇಕೆಂದು ಕಷಾಯ ಕುಡಿಸಿದರು. ಆ ರಾತ್ರಿ ಅವಳಿಗೆ ಮಲಗಲಾಗಲಿಲ್ಲ. ಗೋಡೆಗೆ ಆತು ಕೂತೇ ಇದ್ದಳು. ನಡುರಾತ್ರಿ ಅವ್ವ ನನ್ನನ್ನು ಅಲುಗಿಸಿದಳು. ಅವಳ ಕೈ ತಣ್ಣಗಿತ್ತು.

"ತಮ್ಮಾ, ಏಳು. ಸಪ್ಪಳ ಇಲ್ಲ."

ನಾನು ಅಕ್ಕನ ಎದೆಗೆ ಕಿವಿ ಹಚ್ಚಿದೆ. ಗುಂಡಿಗೆ ಓಡುತ್ತಿತ್ತು, ಬಹಳ ಜೋರಾಗಿ ಓಡುತ್ತಿತ್ತು. ಆದರೆ ಆ ಟಿಕ್ ಇರಲಿಲ್ಲ. ಅರಿವೆಯಲ್ಲಿ ಸುತ್ತಿದ ಗಡಿಯಾರದ ಹಾಗೆ, ತಪ್, ತಪ್, ಒಳಗೆಲ್ಲೋ ಮೆತ್ತನೆಯ ಒಂದು ಬಡಿತ. ಅವ್ವನ ರೂಢಿಯನ್ನು ನಾನು ಎಷ್ಟೋ ಸಲ ನಕ್ಕು ತಳ್ಳಿಹಾಕಿದ್ದೆ. ಮೂರು ತಿಂಗಳು ಅಕ್ಕನ ಮೇಲೆ ಸರಿಯಾಗಿ ಕಣ್ಣಿಟ್ಟಿದ್ದದ್ದು ಅವಳ ಆ ಕಿವಿಯೊಂದೇ.

108 ಬಂತು. ಅಷ್ಟೊತ್ತಿಗೆ ಗುಲ್ಲಾಗಿ ಓಣಿಯೆಲ್ಲ ಬಾಗಿಲಲ್ಲಿ. ಮಾನವಿ ದಾಟಿ ರಾಯಚೂರು ಮುಟ್ಟುವವರೆಗೂ ಅಕ್ಕನ ಮೂಗಿಗೆ ಆಮ್ಲಜನಕ. ಅವಳು ಕೂತೇ ಬಂದಳು. ಆಸ್ಪತ್ರೆಯಲ್ಲಿ ಡಾಕ್ಟರು ನಳಿಗೆಯಿಟ್ಟು ಕೇಳಿದವರೇ ಮುಖ ಗಂಟಿಕ್ಕಿದರು. ಎಕೋ ಮಾಡಿದರು. ಎರಡು ಕದಗಳಲ್ಲಿ ಒಂದು ಅಲುಗಾಡುತ್ತಿರಲಿಲ್ಲ, ಹೆಪ್ಪು ಅದನ್ನು ಹಿಡಿದಿತ್ತು. ಅಪ್ಪನಿಗೆ ತಿಳಿಸಿ ಹೇಳಿದಾಗ ಅವನು ತಲೆಯಾಡಿಸಿದ. "ಫುಟ್‌ವಾಲ್ವಿನ್ಯಾಗ ಕಸ ಸಿಕ್ಕಂಗ್ರಿ." ಡಾಕ್ಟರು, "ಹೌದು, ಹಂಗಽ" ಅಂದರು.

ಆಮೇಲೆ ಪುಸ್ತಕ ಕೇಳಿದರು. ಕೊಟ್ಟೆ. ಅವರ ಬೆರಳು ಕಾಲಮ್ಮಿನಲ್ಲಿ ಕೆಳಗಿಳಿಯುತ್ತ ಹೋಗಿ ಕೊನೆಯಲ್ಲಿ ನಿಂತಿತು. 2.8, 2.8, 2.9. ಆಗಷ್ಟೇ ಅವರ ಲ್ಯಾಬಿನಿಂದ ಬಂದಿದ್ದ ಚೀಟಿಯಲ್ಲಿ 1.3 ಇತ್ತು.

"ಈ ಮೂರರ ಲ್ಯಾಬ್ ಚೀಟಿ ಎಲ್ಲಿ?"

ನನ್ನ ಬಾಯಿ ಒಣಗಿತು.

"ಯಾರು ಬರೆದದ್ದು ಇದು?"

ಅಕ್ಕ ಮೂಗಿನ ಮೇಲಿನ ಮುಖವಾಡವನ್ನು ಕೈಯಿಂದ ಸರಿಸಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು. "ನಾನಽ ಬರದೀನ್ರಿ. ಅಂವಗ ಗೊತ್ತಿಲ್ಲ."

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರವಲ್ಲ ಅದು ಎಂದು ಡಾಕ್ಟರಿಗೆ ತಿಳಿಯದೆ ಇರಲಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ಅದೇ ನೀಲಿ ಪೆನ್ನು ಇತ್ತು. ಅವರು ಪೆನ್ನನ್ನೂ ನೋಡಿದರು, ನನ್ನನ್ನೂ ನೋಡಿದರು. ಅವ್ವ ಅಕ್ಕನನ್ನು ನೋಡಿ, "ಯವ್ವಾ, ಎಂಥಾ ಕೆಲಸ ಮಾಡಿದಿ" ಎಂದು ಹಣೆ ಬಡಿದುಕೊಂಡು ಅತ್ತಳು. ನಾನು ಸುಮ್ಮನೆ ನಿಂತಿದ್ದೆ. ಆ ದಿನ ಮಾತ್ರವಲ್ಲ, ಅವ್ವ ಸಾಯುವವರೆಗೂ ಸುಮ್ಮನಿದ್ದೆ.

ಹೆಪ್ಪು ಕರಗಿಸುವ ಔಷಧಿ ಸ್ಟ್ರೆಪ್ಟೋಕೈನೇಸ್. ಮೊದಲು ಎರಡೂವರೆ ಲಕ್ಷ ಯೂನಿಟ್, ಆಮೇಲೆ ಗಂಟೆಗೆ 1 ಲಕ್ಷದಂತೆ ಹನಿಹನಿಯಾಗಿ. ಕರಗುವಾಗ ಒಂದು ಚೂರು ಹಾರಿ ಮೆದುಳಿಗೆ ಹೋದರೆ ಲಕ್ವಾ ಹೊಡೆಯಬಹುದು, ಬೇರೆ ಕಡೆ ರಕ್ತ ಸೋರಬಹುದು ಎಂದು ಹೇಳಿ ಸಹಿ ತೆಗೆದುಕೊಂಡರು. ಅಪ್ಪ ಹೆಬ್ಬೆಟ್ಟು ಒತ್ತಿದ. ಹೊರಗೆ ಜಗುಲಿಯ ಮೇಲೆ ಅವ್ವನೂ ನಾನೂ. ಐಸಿಯುನಲ್ಲಿ ಮಶಿನ್ನುಗಳ ಕೂಗು. ಅದರ ನಡುವೆ ಯಾರ ಎದೆಯ ಟಿಕ್ ಯಾರಿಗೆ ಕೇಳಬೇಕು? ಎರಡನೆಯ ದಿನ ಮುಂಜಾನೆ ಡಾಕ್ಟರು ಹೊರಗೆ ಬಂದು ಅವ್ವನನ್ನು ಒಳಗೆ ಕರೆದರು. ಅವಳು ಬಗ್ಗಿ ಕಿವಿ ಹಚ್ಚಿದಳು. ಬಹಳ ಹೊತ್ತು ಎದ್ದೇಳಲಿಲ್ಲ. ಗಾಜಿನ ಈಚೆ ನಿಂತ ನನಗೆ ಕಂಡದ್ದು ಅವಳ ಬೆನ್ನು. ಆಮೇಲೆ ಒಂದು ಕೈ ಮೇಲೆತ್ತಿ, ತಿರುಗದೆಯೇ, ನಡದೈತಿ ಎಂಬಂತೆ ಆಡಿಸಿದಳು.

ಮನೆಯ ಎಮ್ಮೆ ಹೋಯಿತು, ಸಂಘದಲ್ಲಿ ಅಕ್ಕ ಕಟ್ಟಿದ್ದೂ ಹೋಯಿತು. ಆ ಲೆಕ್ಕವನ್ನು ಅಪ್ಪ ವಹಿಯಲ್ಲಿ ಬರೆಸಲಿಲ್ಲ.

2016ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿ ಶುರುವಾದ ಮೇಲೆ ನಮಗೆ ಬೆಂಗಳೂರಿನ ದಾರಿ ತಪ್ಪಿತು. ಈಗ ಆಯುಷ್ಮಾನ್ ಕಾರ್ಡು ಬಂದಿದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆಸ್ಪತ್ರೆ ಸೇರಿದರೆ ಉಂಟು, ಮನೆಗೆ ಬಂದ ಮೇಲೆ 15 ದಿನದ್ದೂ ಉಂಟು. ಅಕ್ಕನ ಗುಳಿಗಿ ಹದಿನೈದು ದಿನದ್ದಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಅಲ್ಲಿ ಒಂದು ದಿನ ನಾನೂ ಕೂತು ಬಂದೆ. ಅಕ್ಕ ಬರಲಿಲ್ಲ. "ದೊಡ್ಡ ದವಾಖಾನಿ ಬರ್ಲಿ, ಒಳ್ಳೇದು. ರಕ್ತ ನೋಡಾಕ ಪೋತ್ನಾಳದಾಗೊಂದು ಮಶಿನ್ನು ಇಡ್ತಾರೇನು ಕೇಳಿ ಬಾ," ಅಂದಳು. ನಾನು ಅಲ್ಲಿ ಕೇಳಲಿಲ್ಲ. ಕೇಳಬೇಕಿತ್ತು.

ಮಗಳು ಯಾವಾಗಲೋ ನಿದ್ದೆ ಹೋಗಿದ್ದಳು. ಉರಿ ಕೆಂಡವಾಗಿತ್ತು. ಅಕ್ಕ ತನ್ನ ಹೊದಿಕೆಯನ್ನು ಅವಳಿಗೆ ಹೊದಿಸಿ, ಕಿವಿಯ ಮೇಲೆ ಬಿದ್ದ ಕೂದಲು ಸರಿಸಿದಳು. ರಾಶಿಯ ಆಚೆ ನಾಯಿಯೊಂದು ಬೊಗಳಿ ಸುಮ್ಮನಾಯಿತು. ಆಗ ನನಗೂ ಕೇಳಿಸಿತು, ಟಿಕ್, ಟಿಕ್.

"ಸೋಮವಾರ ರಾಯಚೂರಿಗೆ ಹೋಗೂದೈತಿ, ಮರೀಬ್ಯಾಡ," ಅಂದಳು ಅಕ್ಕ. ಕಟ್ಟಿಗೆಯ ತುದಿಯಿಂದ ಕೆಂಡ ಕೆದಕಿದಳು. "ಪೆನ್ನು ಮನ್ಯಾಗ ಇಟ್ಟು ಬಾ."